ಹಳೆಯ ಹರಿಗೋಲಿಗೆ ಹೊಸ ತೊಗಲು

ಮೇಟುಪಾಳ್ಯದಿಂದ ಸಿರುಮುಗೆಯನ್ನು ದಾಟಿ ಲಿಂಗಾಪುರದ ಕಡೆಗೆ ಹೋಗಿಬರುವವರು ಅಲ್ಲಿಯ ನೀರಿನ ಎರಡು ಮುಖಗಳನ್ನೂ ಬಲ್ಲರು. ಬೇಸಗೆಯಲ್ಲಿ ಅದು ಸೇತುವೆಯ ಕೆಳಗೆ ಸದ್ದಿಲ್ಲದೆ ಹರಿಯುವ ಕಾಡುಹೊಳೆ. ನೀಲಗಿರಿಯ ಮೇಲೆ ಮಳೆ ಸುರಿದು ಭವಾನಿಸಾಗರ ತುಂಬುತ್ತ ಬಂದಾಗ ಅದೇ ನೀರು ಹಿಂದಕ್ಕೇರಿ ಆ ಸೇತುವೆಯನ್ನೇ ಮುಳುಗಿಸಿದ ವರ್ಷಗಳು ಹಲವು. ಅಂಥ ವರ್ಷಗಳಲ್ಲಿ ಆಚೆ ದಡದ ಕಾಂದವಯಲು, ಕಾಂದೈಯೂರು, ಆಳೂರು, ಉಳಿಯೂರುಗಳ ಜನ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಬರಬೇಕಾದರೆ ದೋಣಿಯನ್ನೋ ಹರಿಗೋಲನ್ನೋ ಹತ್ತಬೇಕಾಗುತ್ತಿತ್ತು. 1955ರಲ್ಲಿ ಮುಗಿದ ಆ ಅಣೆಕಟ್ಟು ಈರೋಡು ಜಿಲ್ಲೆಯೊಳಗಿದ್ದರೂ ಅದರ ಹಿನ್ನೀರು ಕೋಯಮತ್ತೂರು ಜಿಲ್ಲೆಯ ಈ ಮೂಲೆಯವರೆಗೆ ಕೈಚಾಚಿದೆ.

ಎತ್ತರದ ಸೇತುವೆ ಬಂದರೆ ದಾಟುವವರ ಕಷ್ಟ ತೀರುತ್ತದೆ. ಆದರೆ ಮೀನು ಹಿಡಿದು ಬಾಳುವವನಿಗೆ ಸೇತುವೆಯಿಂದ ಆಗುವುದೇನೂ ಇಲ್ಲ. ಭವಾನಿಸಾಗರದಲ್ಲಿ, ಪೊಳ್ಳಾಚಿಯ ಬಳಿಯ ಆಳಿಯಾರಿನಲ್ಲಿ, ಉಡುಮಲಪೇಟೆಯ ಬಳಿಯ ತಿರುಮೂರ್ತಿ ಮತ್ತು ಅಮರಾವತಿ ಜಲಾಶಯಗಳಲ್ಲಿ ಬಲೆ ಬೀಸುವವರಿಗೆ ಹರಿಗೋಲೇ ನೇಗಿಲು, ಹರಿಗೋಲೇ ಎತ್ತು. ಮಳೆಗಾಲ ಕಳೆದು ಅದನ್ನು ದಡಕ್ಕೆಳೆದು ಬೋರಲು ಹಾಕಿದಾಗ, ಸವೆದ ತಳವನ್ನೂ ಬಿಟ್ಟ ಹೊಲಿಗೆಯನ್ನೂ ನೋಡುತ್ತ ಮನೆಯ ಯಜಮಾನ ಪ್ರತಿವರ್ಷ ಒಂದೇ ಪ್ರಶ್ನೆಯನ್ನು ಎದುರಿಸುತ್ತಾನೆ: ಹೊಸದನ್ನು ಮಾಡಿಸುವುದೋ, ಇರುವುದನ್ನೇ ಸರಿಪಡಿಸಿಕೊಳ್ಳುವುದೋ? ಕೈಯಲ್ಲಿರುವ ಹಣ ಸ್ವಲ್ಪ. ಅದೇ ಹಣದಲ್ಲಿ ಬಲೆಯೂ ಆಗಬೇಕು, ಮಕ್ಕಳ ಪುಸ್ತಕವೂ ಆಗಬೇಕು.

ಇಲ್ಲಿಯ ಕನ್ನಡಿಗರ ಬಾಯಲ್ಲಿ ಈ ದೋಣಿಗೆ ಎರಡು ಹೆಸರು. ಮನೆಯೊಳಗೆ ಹರಿಗೋಲು, ಬೀದಿಯಲ್ಲಿ, ತಮಿಳಿನವರೊಡನೆ, ಪರಿಸಲು. ಪಾಲು ಹಾಲಾದುದನ್ನೂ ಪೊನ್ನು ಹೊನ್ನಾದುದನ್ನೂ ಬಲ್ಲ ಕಿವಿಗೆ ಈ ಎರಡು ಮಾತುಗಳ ನೆಂಟಸ್ತನ ಕೇಳದೆ ಇರದು. ಹೆಸರಿನಂತೆಯೇ ದೋಣಿಯೂ ಹಳೆಯದು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಆನೆಗೊಂದಿಗೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ. ಹುಟ್ಟು ಹಾಕಿದರೆ ನೇರ ಹೋಗದೆ ಗರಗರನೆ ತಿರುಗುತ್ತಲೇ ಸಾಗುತ್ತದೆ ಎಂಬುದು ಅವನ ವರ್ಣನೆ. 1803ರ ಮರಾಠಾ ಯುದ್ಧದ ದಂಡಯಾತ್ರೆಯಲ್ಲಿ ಆರ್ಥರ್ ವೆಲ್ಲೆಸ್ಲಿ ತುಂಬಿದ ಹೊಳೆಗಳನ್ನು ದಾಟಲು ಇದೇ ಬುಟ್ಟಿದೋಣಿಗಳನ್ನು ನೆಚ್ಚಿದ್ದನು. ಮದರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣದ ಹರಿಗೋಲುಗಳ ಮೇಲೂ ಬ್ರಿಟನ್ನಿನ ಹೊಳೆಗಳಲ್ಲಿರುವ ಅವುಗಳ ದಾಯಾದಿಗಳ ಮೇಲೂ ಬರೆದನು. ಅಲ್ಲಿಯ ಬಡ ಮೀನುಗಾರರು ತೊಗಲಿನ ಬದಲು ಒರಟು ಹತ್ತಿಬಟ್ಟೆಗೆ ಕೀಲೆಣ್ಣೆ ಬಳಿದು ಹೊದಿಸುವುದನ್ನು ಕಲಿತರು. ಇಲ್ಲಿಯವರು ಎಮ್ಮೆಯ ತೊಗಲನ್ನು ಬಿಟ್ಟು ಪ್ಲಾಸ್ಟಿಕ್ ಚೀಲದ ಹಾಳೆಗೂ ಡಾಂಬರಿಗೂ ಬಂದರು. ಕೈಗೆ ಎಟಕುವ ಅಗ್ಗದ ವಸ್ತುವಿನಿಂದಲೇ ನೀರನ್ನು ಗೆಲ್ಲುವುದು ಎರಡು ಕಡೆಯವರ ಜಾಣತನ.

ಹರಿಗೋಲಿಗೆ ಮೂರು ಅಂಗಗಳು. ಮೊದಲನೆಯದು ಬಿದಿರ ದಬ್ಬೆಗಳ ಹೆಣಿಗೆ. ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ, ಒಂದರ ಮೇಲೊಂದು ಕೆಳಗೊಂದು ಹಾಯಿಸಿ, ತಳ ಅಲುಗದಂತೆ ಭಾರ ಹೇರಿ, ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಗೋಡೆಯಾಗಿಸುತ್ತಾರೆ. ಸಿರುಮುಗೆಯ ಮಗ್ಗದ ಮನೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಇದೂ ಹಾಸು ಹೊಕ್ಕಿನ ಕೆಲಸವೇ. ಎರಡನೆಯದು ಬಾಯಂಚು: ಹಲವು ದಬ್ಬೆಗಳನ್ನು ಸೇರಿಸಿ ಬಳೆಯಂತೆ ಬಗ್ಗಿಸಿ ಬಿಗಿದ ದಪ್ಪ ಸುತ್ತು. ಗೋಡೆ ಹೊರಕ್ಕೆ ಒರಗದಂತೆ ಹಿಡಿಯುವುದು ಇದೇ. ಮೂರನೆಯದು ಹೊರಗಿನ ಹೊದಿಕೆ. ತೊಗಲು ಹೋಗಿ ಪ್ಲಾಸ್ಟಿಕ್ ಬಂದರೂ ಹಳಬರು ಅದನ್ನು ತೊಗಲೆಂದೇ ಎಣಿಸುತ್ತಾರೆ.

ಕಡಿಮೆ ಹಣದಲ್ಲಿ ದೋಣಿ ಸರಿಪಡಿಸಲು ಹೊರಟವನು ಮೊದಲು ಮಾಡಬೇಕಾದುದು ಕೊಳ್ಳುವ ಕೆಲಸವಲ್ಲ, ನೋಡುವ ಕೆಲಸ. ಹಳೆಯ ಹೊದಿಕೆಯನ್ನು ಪೂರ್ತಿ ಕಿತ್ತು ಹೆಣಿಗೆಯನ್ನು ಬಿಸಿಲಿಗೆ ಒಡ್ಡಬೇಕು. ಡಾಂಬರಿನ ಮೇಲೆ ಡಾಂಬರು ಬಳಿಯುತ್ತ ಹೋದ ದೋಣಿ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಬಿದಿರು ಕೊಳೆತಿರಬಹುದು. ಪ್ರತಿಯೊಂದು ದಬ್ಬೆಯನ್ನೂ ಬೆರಳಿನಿಂದ ಬಗ್ಗಿಸಿ ನೋಡಬೇಕು. ಸೆಟೆದು ಹಿಂದಕ್ಕೆ ಬಂದರೆ ಜೀವವಿದೆ. ಬಾಗಿದಲ್ಲೇ ನಿಂತರೆ ನೆನೆದು ಸತ್ತಿದೆ. ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರಿದರೆ ನುಸಿ ಹೊಕ್ಕಿದೆ. ಕೆಟ್ಟುದಕ್ಕೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಎಣಿಸಿದರೆ ಲೆಕ್ಕ ತಾನಾಗಿ ಹೊರಬರುತ್ತದೆ. ಗುರುತು ಬಿದ್ದ ದಬ್ಬೆಗಳು ಅಲ್ಲೊಂದು ಇಲ್ಲೊಂದಾಗಿದ್ದರೆ ರಿಪೇರಿ ಲಾಭ. ಬಾಯಂಚೇ ಮುರಿದಿದ್ದರೆ, ಇಲ್ಲವೇ ತಳದ ನಡುವಿನಲ್ಲಿ ಅಕ್ಕಪಕ್ಕದ ದಬ್ಬೆಗಳು ಒಟ್ಟಿಗೆ ಹೋಗಿದ್ದರೆ, ಹಳೆಯದಕ್ಕೆ ಸುರಿಯುವ ಹಣ ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.

ಈ ಎಣಿಕೆಯ ನಂತರ ಕೆಲಸವನ್ನು ಮೂರು ಭಾಗವಾಗಿ ನೋಡಬಹುದು: ಕೈಯಿಂದ ಆಗುವುದು, ಕಾಸಿನಿಂದ ಆಗುವುದು, ಕಾಲದಿಂದ ಆಗುವುದು. ಕಾಸು ಕಡಿಮೆ ಇರುವವನ ದೊಡ್ಡ ಬಂಡವಾಳ ಕಾಲ. ಹಣವಂತ ಒಂದೇ ವಾರದಲ್ಲಿ ಕೊಂಡು ತರುವುದನ್ನು ಬಡವ ಸಂಕ್ರಾಂತಿಯಿಂದ ಆಡಿಯವರೆಗೆ ಹರಡಿಕೊಂಡು ಸಂಪಾದಿಸಬಲ್ಲ. ಆದುದರಿಂದಲೇ ರಿಪೇರಿಯ ಪಂಚಾಂಗ ಸಂಕ್ರಾಂತಿಯಿಂದ ಶುರುವಾಗಬೇಕು.

ಸಂಕ್ರಾಂತಿಯ ಹೊತ್ತಿಗೆ, ಚಳಿಯ ಒಣಹವೆಯಲ್ಲಿ, ಬಲಿತ ಬಿದಿರನ್ನು ಕಡಿಯಬೇಕು. ಎಳೆಯ ಬಿದಿರು ಸುಲಭವಾಗಿ ಬಗ್ಗಿದರೂ ಒಣಗಿದಾಗ ಸುಕ್ಕುತ್ತದೆ. 2017ರಲ್ಲಿ ಭಾರತೀಯ ಅರಣ್ಯ ಕಾಯಿದೆಯ ತಿದ್ದುಪಡಿಯು ಬಿದಿರನ್ನು ಮರ ಎಂಬ ಪದದ ಅರ್ಥದಿಂದ ಹೊರಗಿಟ್ಟ ಮೇಲೆ, ಕಾಡಿನ ಹೊರಗೆ ಸ್ವಂತ ಜಮೀನಿನಲ್ಲಿ ಬೆಳೆದುದನ್ನು ಕೊಳ್ಳುವುದು ಹಿಂದಿಗಿಂತ ಸುಲಭವಾಯಿತು. ಕಡಿದ ಗಳಗಳನ್ನು ಶಿವರಾತ್ರಿಯವರೆಗೆ ನೀರಿನಲ್ಲಿ ಮುಳುಗಿಸಿಡುವುದು ಹಳೆಯ ಕ್ರಮ. ನುಸಿಗೆ ಬೇಕಾದುದು ಬಿದಿರಿನೊಳಗಿನ ಪಿಷ್ಟ. ನೀರು ಅದನ್ನು ಕರಗಿಸಿ ಹೊರಹಾಕುತ್ತದೆ. ಈ ರಕ್ಷಣೆಗೆ ಒಂದು ಕಾಸಿನ ಖರ್ಚೂ ಇಲ್ಲ. ನೂರು ಲೀಟರ್ ನೀರಿಗೆ ಮೂರು ಕಿಲೋ ಬಿಳಿಗಾರ, ಎರಡು ಕಿಲೋ ಬೋರಿಕ್ ಪುಡಿ ಕರಗಿಸಿ ಅದ್ದುವ ಪದ್ಧತಿಯೂ ಇದೆ. ಮನೆಯ ಚಪ್ಪರಕ್ಕೆ, ಪೀಠೋಪಕರಣಕ್ಕೆ ಅದು ಉತ್ತಮ. ಆದರೆ ಆ ಲವಣ ನೀರು ತಗುಲಿದರೆ ಮತ್ತೆ ಕರಗಿಹೋಗುವುದರಿಂದ ದೋಣಿಯ ಬಿದಿರಿಗೆ ಅದೊಂದೇ ಸಾಲದು. ಮೇಲೆ ಗೇರು ಎಣ್ಣೆಯ ಲೇಪ ಬೇಕು. ಉಳಿದ ದ್ರಾವಣವನ್ನು ಹೊಳೆಗೆ ಚೆಲ್ಲಬಾರದೆಂಬುದನ್ನು ಮೀನುಗಾರನಿಗೆ ಹೇಳಿಕೊಡಬೇಕಾದುದಿಲ್ಲ.

ಶಿವರಾತ್ರಿ ಕಳೆದ ಮೇಲೆ ನೆನೆದ ಗಳಗಳನ್ನು ಸೀಳಿ, ಹಸಿಯಾಗಿರುವಾಗಲೇ ಹೊಸ ದಬ್ಬೆಗಳನ್ನು ಹಳೆಯ ಹೆಣಿಗೆಯೊಳಕ್ಕೆ ಸೇರಿಸಬೇಕು. ಕೆಟ್ಟ ತುಂಡನ್ನಷ್ಟೇ ಕತ್ತರಿಸಿ ಗೇಣುದ್ದದ ತೇಪೆ ಕೊಡುವುದು ಉಳಿತಾಯದಂತೆ ಕಂಡರೂ ಉಳಿತಾಯವಲ್ಲ. ತೇಪೆಯ ತುದಿ ಹೊದಿಕೆಯನ್ನು ಒಳಗಿನಿಂದ ಚುಚ್ಚುತ್ತದೆ. ಒಂದು ಬದಿಯ ಬಾಯಂಚಿನಿಂದ ತಳದ ಮೂಲಕ ಇನ್ನೊಂದು ಬದಿಯ ಬಾಯಂಚಿನವರೆಗೆ ಇಡೀ ದಬ್ಬೆಯನ್ನೇ ಬದಲಾಯಿಸಬೇಕು. ಹೊರಮೈಗೆ ಬರುವ ಗೆಣ್ಣುಗಳನ್ನು ಕತ್ತಿಯಿಂದ ಹೆರೆದು ನುಣ್ಣಗೆ ಮಾಡಬೇಕು. ಅನಂತರ ಯುಗಾದಿಯವರೆಗೆ ಹೆಣಿಗೆ ನೆರಳಿನಲ್ಲಿ ಒಣಗಲಿ. ಒದ್ದೆ ಬಿದಿರಿನ ಮೇಲೆ ಹೊದಿಕೆ ಬಿಗಿಯುವುದೆಂದರೆ ಕೊಳೆತವನ್ನು ಕಟ್ಟಿ ಒಳಗಿಟ್ಟಂತೆ.

ಯುಗಾದಿಯ ತರುವಾಯ ಹೊದಿಕೆಯ ಕೆಲಸ. ಹಣ ಬೇಡುವುದು ಇದು, ಜಿಪುಣತನ ಮಾಡಬಾರದ್ದೂ ಇದೇ. ಲೆಕ್ಕ ಸರಳವಾಗಿದೆ. ತಳದ ಅಗಲ ಎಂಟು ಅಡಿ, ಗೋಡೆಯ ಎತ್ತರ ಎರಡು ಅಡಿ ಇರುವ ಹರಿಗೋಲಿನ ತಳ ಸುಮಾರು ಐವತ್ತು ಚದರಡಿ. ಸುತ್ತಳತೆ ಇಪ್ಪತ್ತೈದು ಅಡಿಯಾದುದರಿಂದ ಗೋಡೆಯೂ ಐವತ್ತು ಚದರಡಿ. ಒಟ್ಟು ನೂರು. ಅಂಚಿನ ಮೇಲೆ ಮಡಚಲು, ಹೊಲಿಗೆಯಲ್ಲಿ ಒಂದರ ಮೇಲೊಂದು ಹಾಯಲು ಇಪ್ಪತ್ತು ಸೇರಿಸಿದರೆ ನೂರಿಪ್ಪತ್ತು. ಎರಡು ಪದರಕ್ಕೆ ಇನ್ನೂರ ನಲವತ್ತು ಚದರಡಿ ಹಾಳೆ ಬೇಕು. ಅಂಗಡಿಗೆ ಹೋಗುವ ಮುನ್ನ ಈ ಸಂಖ್ಯೆ ಕೈಯಲ್ಲಿದ್ದರೆ ಹೆಚ್ಚು ಕೊಂಡು ಉಳಿಸುವುದೂ ಇಲ್ಲ, ಕಡಿಮೆ ತಂದು ಎರಡನೆಯ ಪದರವನ್ನು ಅರ್ಧಕ್ಕೆ ಬಿಡುವುದೂ ಇಲ್ಲ. ಗೊಬ್ಬರದ ಚೀಲಗಳನ್ನು ಬಿಡಿಸಿ ದಬ್ಬಳದಿಂದ ಹೊಲಿದು ಒಳಪದರ ಮಾಡಿಕೊಳ್ಳಬಹುದು; ಅದು ಮಿತವ್ಯಯ. ಬಿಸಿಲಿಗೆ ಪುಡಿಯಾಗುವ ಹಳೆಯ ಚೀಲಗಳನ್ನು ಹೊರಪದರಕ್ಕೂ ಬಳಸುವುದು ಮಿತವ್ಯಯವಲ್ಲ, ಮೋಸ. ಮೋಸ ಹೋಗುವವನೂ ತಾನೇ. ಎರಡು ಪದರಗಳ ಹೊಲಿಗೆಗಳು ಒಂದರ ಮೇಲೊಂದು ಬೀಳದಂತೆ ಹಾಸಬೇಕು.

ಡಾಂಬರನ್ನು ಸಣ್ಣ ಉರಿಯಲ್ಲಿ, ಬಯಲಿನಲ್ಲಿ, ಮಕ್ಕಳಿಂದ ದೂರದಲ್ಲಿ ಕಾಯಿಸಬೇಕು. ಪಾತ್ರೆಯಲ್ಲಿ ಒಂದು ಹನಿ ನೀರಿದ್ದರೂ ಕಾದ ಡಾಂಬರು ಸಿಡಿದು ಕೈ ಮುಖ ಸುಡುತ್ತದೆ. ಒಮ್ಮೆಗೇ ದಪ್ಪ ಬಳಿದರೆ ಬಿಸಿಲಿಗೆ ಜಾರಿ ತಳದಲ್ಲಿ ಗಂಟುಗಟ್ಟುತ್ತದೆ. ತೆಳುವಾಗಿ ಬಳಿದು, ಆರಿದ ಮೇಲೆ ಮತ್ತೆ ಬಳಿಯುವುದೇ ಸರಿ. ಇಲ್ಲಿಯೂ ಹಣದ ಬದಲು ಕಾಲವೇ ಕೆಲಸ ಮಾಡುತ್ತದೆ.

ಹೊದಿಕೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟೇಕೆ ಎಂದು ಕೇಳುವವರು ಒಂದು ಲೆಕ್ಕವನ್ನು ನೋಡಬೇಕು. ಮೇಲೆ ಹೇಳಿದ ಅಳತೆಯ ಹರಿಗೋಲಿನಲ್ಲಿ ಎರಡು ಅಂಗುಲ ನೀರು ನಿಂತರೆ ಅದರ ತೂಕ ಸುಮಾರು 235 ಕಿಲೋ. ಮೂರು ನಾಲ್ಕು ಆಳುಗಳ ಭಾರ. ಬರಿಯ ಭಾರವನ್ನು ಹರಿಗೋಲು ತಾಳುತ್ತದೆ. ಅಗಲವಾದ ತಳ ಅದಕ್ಕಿಂತ ಹೆಚ್ಚನ್ನೇ ಹೊರಬಲ್ಲದು. ತಾಳದಿರುವುದು ಓಡಾಡುವ ಭಾರವನ್ನು. ಕುಳಿತವರು ಕುಳಿತಲ್ಲೇ ಇರುತ್ತಾರೆ, ಮೂಟೆ ಇಟ್ಟಲ್ಲೇ ಇರುತ್ತದೆ. ಒಳಗಿನ ನೀರು ಹಾಗಲ್ಲ. ಯಾರೋ ಒಬ್ಬರು ಎದ್ದು ನಿಂತು ದೋಣಿ ಚೂರು ವಾಲಿದರೆ, ಆ ನಾಲ್ಕು ಆಳಿನ ಭಾರ ಒಮ್ಮೆಗೇ ವಾಲಿದ ಕಡೆಗೆ ಹರಿಯುತ್ತದೆ. ಬಾಯಂಚು ನೀರಿಗೆ ತಾಗಿದ ಮೇಲೆ ಮಾಡುವುದೇನೂ ಉಳಿದಿರುವುದಿಲ್ಲ. ಕಾಡು ಮೊಸಳೆಗಳಿರುವ ಅಮರಾವತಿಯಂಥ ಜಲಾಶಯದಲ್ಲಿ ಈ ಮಾತು ಇನ್ನೂ ಗಂಭೀರ. ಸೂಜಿಮೊನೆಯ ತೂತಿಗೆ ನಾಳೆ ನೋಡೋಣ ಎನ್ನುವವನು ಈ ಲೆಕ್ಕವನ್ನು ಮರೆತಿರುತ್ತಾನೆ.

ಆದುದರಿಂದ ಸರಿಪಡಿಸಿದ ಹರಿಗೋಲು ಜನರನ್ನು ಹೊರುವ ಮೊದಲು ಕಲ್ಲನ್ನು ಹೊರಬೇಕು. ದಡದ ಬಳಿ, ಮೊಣಕಾಲುದ್ದದ ನೀರಿನಲ್ಲಿ ಕಟ್ಟಿ, ಮರಳುಚೀಲಗಳನ್ನು ಸಮನಾಗಿ ಹರಡಿ, ಒಂದು ಇಡೀ ರಾತ್ರಿ ಬಿಡಬೇಕು. ಬೆಳಿಗ್ಗೆ ಒಳಗೆ ಒದ್ದೆ ಕಂಡಲ್ಲಿ ಗುರುತು ಹಾಕಿ, ಮೇಲಕ್ಕೆಳೆದು ಒಣಗಿಸಿ, ಅಲ್ಲಿಗೆ ಮತ್ತೆ ಹಾಳೆ, ಮತ್ತೆ ಡಾಂಬರು. ಭದ್ರವಾಗಿ ಮುಚ್ಚಿದ ಇಪ್ಪತ್ತು ಲೀಟರಿನ ಖಾಲಿ ಕ್ಯಾನುಗಳು ನಾಲ್ಕನ್ನು ಬಾಯಂಚಿನ ಒಳಬದಿಗೆ ಬಿಗಿದರೆ, ದೋಣಿ ನೀರು ತುಂಬಿಕೊಂಡರೂ ಎಂಬತ್ತು ಕಿಲೋದಷ್ಟು ತೇಲುವ ಆಸರೆ ಉಳಿಯುತ್ತದೆ. ಇದು ತೇಲು ಜಾಕೆಟ್ಟಿಗೆ ಬದಲಲ್ಲ. ಜಾಕೆಟ್ಟಿನ ಜೊತೆಗೆ ಇರಬೇಕಾದುದು.

ಈ ಕ್ರಮ ಹರಿಗೋಲಿಗೆ ಮಾತ್ರ ಸಲ್ಲುವುದಲ್ಲ. ಕಡಲತೀರದಲ್ಲಿ ಹಳೆಯ ಹಾಯಿದೋಣಿಯೊಂದನ್ನು ಅಗ್ಗಕ್ಕೆ ಕೊಂಡವನೂ ಇದೇ ದಾರಿಯಲ್ಲಿ ನಡೆಯಬೇಕು: ಮೊದಲು ನೀರಿನೊಳಗಿರುವ ಮೈ, ಆಮೇಲೆ ಕಂಬ ಮತ್ತು ಹಗ್ಗ, ಅನಂತರ ಹಾಯಿ, ಎಲ್ಲಕ್ಕೂ ಕೊನೆಗೆ ಬಣ್ಣ. ಬಣ್ಣದಿಂದ ಶುರುಮಾಡಿದವರು ತಳಕ್ಕೆ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತಾರೆ. ಹೊಲಿದು ಲೇಪಿಸುವ ವಿದ್ಯೆಯೂ ಹಾಯಿದೋಣಿಗೆ ಹೊಸದಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯ ಸಂಸಾರಸ್ಥರಿಗೆಂದು ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯಲ್ಲಿ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಫೈಬರ್ ಪಟ್ಟಿ ಅಂಟಿಸಿ, ಮನೆಯಂಗಳದಲ್ಲಿಯೇ ದೋಣಿ ಕಟ್ಟಬಹುದಾಗಿತ್ತು. ಅಂಥವು ಎಪ್ಪತ್ತು ಸಾವಿರಕ್ಕೂ ಹೆಚ್ಚು ಹುಟ್ಟಿದವು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಾಯಿಹಡಗು ಅಜಂತೆಯ ಚಿತ್ರವನ್ನು ನೋಡಿ ಕಟ್ಟಿದುದು. ಅದರ ಹಲಗೆಗಳನ್ನು ಹಿಡಿದಿರುವುದೂ ಮೊಳೆಯಲ್ಲ, ತೆಂಗಿನ ನಾರಿನ ಹೊಲಿಗೆ. ಭವಾನಿಯ ದಡದಲ್ಲಿ ದಬ್ಬಳ ಹಿಡಿದು ಕುಳಿತವನು ಆ ದೊಡ್ಡ ಪರಂಪರೆಯ ಸಣ್ಣ ಕೊನೆಯಲ್ಲಿದ್ದಾನೆ.

ಫೈಬರಿನ ಹರಿಗೋಲು ಬಂದಿದೆ, ಬರಬೇಕಾದುದೇ. ಅದಕ್ಕೆ ನುಸಿ ಇಲ್ಲ, ವರ್ಷವರ್ಷದ ಡಾಂಬರಿಲ್ಲ. ಮೊದಲ ಬೆಲೆ ಹೆಚ್ಚಾದರೂ, ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಂಥ ಸರಕಾರಿ ಯೋಜನೆಗಳಲ್ಲಿ ದೋಣಿ ಬಲೆಗಳಿಗೆ ನೆರವುಂಟು. 2020ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಫಲಾನುಭವಿಗಳಿಗೆ ಸಾಮಾನ್ಯವಾಗಿ 40 ಶೇಕಡಾ, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ 60 ಶೇಕಡಾ ಸಹಾಯಧನ. ಹೆಣಿಗೆ ಪೂರ್ತಿ ಕೊಳೆತವನು ಹಳೆಯದಕ್ಕೆ ಅಂಟಿಕೊಳ್ಳದೆ ಆ ಕಡೆಗೆ ನೋಡುವುದೇ ವಿವೇಕ. ಆದರೆ ಬಂಡೆಗೆ ತಾಗಿ ಫೈಬರು ಬಿರಿದರೆ ರಾಳ ತರಲು ಪೇಟೆಗೆ ಹೋಗಬೇಕು. ಬಿದಿರು ಮುರಿದರೆ ಮದ್ದು ಹಿತ್ತಿಲಲ್ಲೇ ಇರುತ್ತದೆ, ಹೆಣೆಯಬಲ್ಲ ಕೈ ಮನೆಯಲ್ಲಿದ್ದರೆ. ಆ ಕೈ ಇಲ್ಲವಾದ ದಿನ ಅಗ್ಗದ ದೋಣಿಯೂ ದುಬಾರಿಯಾಗುತ್ತದೆ. ಮಕ್ಕಳು ಗಿರಣಿಗೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋಗುವುದು ತಪ್ಪಲ್ಲ. ವರ್ಷಕ್ಕೊಮ್ಮೆ, ಹೆಣಿಗೆ ಬಿಚ್ಚಿದ ದಿನಗಳಲ್ಲಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ದಬ್ಬೆ ಜೀವಂತ, ಯಾವುದು ಸತ್ತಿದೆ ಎಂದು ಬಗ್ಗಿಸಿ ತೋರಿಸುವುದಕ್ಕೆ ಖರ್ಚೇನೂ ಇಲ್ಲ.

ದೇಹವನ್ನು ಒಂಬತ್ತು ತೂತಿನ ಹರಿಗೋಲಿಗೆ ಹೋಲಿಸಿ, ಅಂಬಿಗನನ್ನು ನಂಬಿ ಕುಳಿತ ಪುರಂದರದಾಸರ ಹಾಡು ಇಲ್ಲಿಯ ಭಜನೆ ಮನೆಗಳಲ್ಲಿ ಯಾರಿಗೂ ಅಪರಿಚಿತವಲ್ಲ. ಆ ಹರಿಗೋಲಿನ ತೂತುಗಳನ್ನು ಮುಚ್ಚುವವರಿಲ್ಲ. ಅಲ್ಲಿ ನಂಬಿಕೆಯೊಂದೇ ದಾರಿ. ಹೊಳೆಯ ಹರಿಗೋಲಿನ ತೂತುಗಳಿಗೆ ಮಾತ್ರ ಹಾಳೆಯೂ ಡಾಂಬರೂ ಸಾಕು. ಅದರಲ್ಲಿ ಕುಳಿತು ದಾಟುವವರು ಅಂಬಿಗನನ್ನು ನಂಬಿ ಕುಳಿತಿರುತ್ತಾರೆ. ಬೇಸಗೆಯ ಐದು ತಿಂಗಳು ಅವನು ದಡದಲ್ಲಿ ಮಾಡಿದ ಕೆಲಸದ ಮೇಲೆ ಆ ನಂಬಿಕೆ ನಿಂತಿದೆ. ಆಡಿ ಹದಿನೆಂಟರಂದು ಹೆಂಗಸರು ನದಿಗೆ ಪೂಜೆ ಸಲ್ಲಿಸುವ ಹೊತ್ತಿಗೆ ಅವನ ಕೆಲಸ ಮುಗಿದಿರಬೇಕು. ಅಂದಿನಿಂದ ಅವನಿಗೆ ಉಳಿಯುವುದು ಒಂದೇ ನೇಮ: ಪ್ರತಿ ಸಂಜೆ ದೋಣಿಯನ್ನು ನೀರಿನಲ್ಲಿ ಬಿಡದೆ, ತಲೆಯ ಮೇಲೆ ಹೊತ್ತು ತಂದು, ದಡದಲ್ಲಿ ಬೋರಲು ಹಾಕಿ ಒಣಗಲು ಬಿಡುವುದು.